ಕೊನೆಯ ದೃಶ್ಯ ಸಿಗದ ಸಿನಿಮಾ

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಆಕೆಗೆ ನಲವತ್ತರ ಆಸುಪಾಸು. ಸ್ವತಂತ್ರವಾಗಿ ಸಾಕ್ಷ್ಯಚಿತ್ರ ಮಾಡುತ್ತಾರೆ. ಕ್ಯಾಮೆರಾ, ಸೌಂಡ್, ಎಡಿಟಿಂಗ್, ಅನುದಾನದ ಅರ್ಜಿ, ಎಲ್ಲವೂ ಒಬ್ಬರದೇ. ರಾತ್ರಿ ನಿದ್ದೆಯಿಲ್ಲ, ಫೋನ್ ರಿಂಗಾದರೆ ಎದೆ ಡವಡವ. ವೈದ್ಯರು ನೋಡಿ, ದೇಹದಲ್ಲಿ ತೊಂದರೆ ಇಲ್ಲ ಎಂದಿದ್ದರು.

ಆಪ್ತಸಲಹೆಗೆಂದು ಇಂಥವರು ನನ್ನ ಬಳಿ ಆಗಾಗ ಬರುತ್ತಾರೆ. ಪ್ರಬಂಧ ಮುಗಿಸಲಾಗದ ಸಂಶೋಧಕರು, ವರ್ಷಗಟ್ಟಲೆ ಒಂದೇ ಕಾದಂಬರಿ ತಿದ್ದುವವರು. ‘ಸಾಕು, ಮುಗಿಸು’ ಎನ್ನಲು ಮೇಲೊಬ್ಬರಿಲ್ಲದ ಕೆಲಸ. ಸಾಕ್ಷ್ಯಚಿತ್ರದಲ್ಲಿ ಇನ್ನೊಂದು ತೊಡಕಿದೆ. ಅಲ್ಲಿ ಕಥೆಯೊಳಗಿರುವವರು ನಿಜವಾದ ಮನುಷ್ಯರು.

ಆಕೆ ಚಿತ್ರಿಸುತ್ತಿದ್ದದ್ದು ಒಬ್ಬ ವೃದ್ಧರನ್ನು. ಗಣಿಯಲ್ಲಿ ದುಡಿದವರು, ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಹಾಳಾಗಿತ್ತು. ಸಣ್ಣ ಸಿನಿಮಾ ಎಂದು ಶುರುವಾದದ್ದು ಏಳು ವರ್ಷವಾದರೂ ಮುಗಿದಿರಲಿಲ್ಲ.

ಮೊದಲ ಭೇಟಿಗಳಲ್ಲಿ ಮಾತೆಲ್ಲ ದುಡ್ಡಿನದೇ. ಈ ಕ್ಷೇತ್ರದಲ್ಲಿ ಕಥೆ ರೂಪಿಸಲು, ಚಿತ್ರೀಕರಣಕ್ಕೆ, ಎಡಿಟಿಂಗಿಗೆ ಬೇರೆ ಬೇರೆಯಾಗಿ ಅನುದಾನ ಕೇಳಬೇಕಾಗುತ್ತದೆ. ಪ್ರತಿ ಅರ್ಜಿಗೂ ಒಂದು ವಿಡಿಯೊ ತುಣುಕು, ಬಜೆಟ್, ಜೊತೆಗೆ ಕಥೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬ ಬರಹ. ಆಂಸ್ಟರ್‌ಡ್ಯಾಮಿನಲ್ಲಿ 1988ರಿಂದ ನಡೆಯುವ ಇಡ್‌ಫಾ ಸಾಕ್ಷ್ಯಚಿತ್ರೋತ್ಸವದಲ್ಲಿ, ಟಿವಿ ಚಾನೆಲ್ ಮತ್ತು ನಿಧಿಗಳವರ ಮುಂದೆ ನಿಂತು ಕೆಲವೇ ನಿಮಿಷಗಳಲ್ಲಿ ತಮ್ಮ ಸಿನಿಮಾ ವಿವರಿಸುವ ಕನಸು ಆಕೆಗಿತ್ತು. ಬರುತ್ತಿದ್ದದ್ದು ಮಾತ್ರ ವಿನಯದ ನಿರಾಕರಣೆಗಳು. ಒಂದು ಕಡೆಯವರು, ‘ಅಂತ್ಯ ಸ್ಪಷ್ಟವಿಲ್ಲ’ ಎಂದು ಬರೆದಿದ್ದರು.

ಆ ಸಾಲು ನನ್ನ ತಲೆಯಲ್ಲಿ ಉಳಿದಿತ್ತು. ಮುಂದಿನ ಸಲ ನೇರವಾಗಿ ಕೇಳಿದೆ, ‘ಇನ್ನೂ ಯಾವ ದೃಶ್ಯ ಬೇಕು ನಿಮಗೆ?’

ಆಕೆ ‘ಹೂಪ್ ಡ್ರೀಮ್ಸ್’ ಎಂಬ ಅಮೆರಿಕದ ಸಾಕ್ಷ್ಯಚಿತ್ರದ ವಿಷಯ ತೆಗೆದರು. ಅರ್ಧ ಗಂಟೆಯ ಸಿನಿಮಾ ಎಂದು ಹೊರಟವರು ಐದು ವರ್ಷ ಚಿತ್ರಿಸಿದರು, ಸುಮಾರು 250 ಗಂಟೆಯ ದೃಶ್ಯ ಕೂಡಿತು, 1994ರಲ್ಲಿ ಅದು ಎಲ್ಲರೂ ಮೆಚ್ಚಿದ ಸಿನಿಮಾ ಆಯಿತು. ‘ಕಾಯಬೇಕು ಮೇಡಂ. ಕಾದವರಿಗೇ ಸಿಗೋದು.’

‘ಅಲ್ಲಿ ಮೂವರಿದ್ದರು. ಬೆನ್ನಿಗೊಂದು ಸಂಸ್ಥೆಯೂ ಇತ್ತು. ಇರಲಿ, ನೀವು ಕಾಯ್ತಿರೋದು ಯಾವುದಕ್ಕೆ?’

ತುಂಬಾ ಹೊತ್ತು ಉತ್ತರ ಬರಲಿಲ್ಲ. ಆಮೇಲೆ ಹೇಳಿದರು: ‘ಹೋದ ತಿಂಗಳು ಅವರ ಮಗ ಫೋನ್ ಮಾಡಿದ್ದ. ಅಪ್ಪನ್ನ ಐಸಿಯುಗೆ ಹಾಕಿದ್ದಾರೆ ಅಂದ. ನಾನು ಮೊದಲು ಮಾಡಿದ್ದು ಬ್ಯಾಟರಿ ಚಾರ್ಜಿಗೆ ಹಾಕಿದ್ದು. ಅವರು ಹುಷಾರಾಗಿ ಮನೆಗೆ ಬಂದರಲ್ಲ, ಆಗ ನನಗೆ ಸ್ವಲ್ಪ ಬೇಜಾರಾಯ್ತು ಮೇಡಂ. ಅವರು ನನ್ನನ್ನ ಮಗಳೇ ಅಂತಾರೆ.’

‘ಪರವಾಗಿಲ್ಲ ಬಿಡಿ’ ಎಂದು ನಾನು ಹೇಳಲಿಲ್ಲ. ಹಾಗೆ ಹೇಳಿದರೆ ಅವರು ಆ ಮಾತನ್ನು ಮತ್ತೆಂದೂ ಎತ್ತುವುದಿಲ್ಲ, ಅಷ್ಟೇ. ಮನಸ್ಸಿಗೆ ಬಂದ ಯೋಚನೆ ಬೇರೆ, ಹಾಗೇ ಆಗಲಿ ಎಂಬ ಬಯಕೆ ಬೇರೆ ಎಂದು ವಿವರಿಸಿದೆ. ಅರ್ಜಿ ಓದುವವರು ಅಂತ್ಯ ಕೇಳಿದರು. ಕಾಯಿಲೆಯವರ ಕಥೆಗೆ ಸುಲಭವಾಗಿ ಹೊಳೆಯುವ ಅಂತ್ಯ ಸಾವು. ನಿಮ್ಮ ಮನಸ್ಸು ಆ ಲೆಕ್ಕ ಮಾಡಿದೆ, ಅದಕ್ಕೆ ನೀವು ಕೆಟ್ಟವರಾಗುವುದಿಲ್ಲ. ಆದರೆ ಆ ಲೆಕ್ಕದ ಮೇಲೆ ಸಿನಿಮಾ ನಿಲ್ಲಿಸಿಕೊಂಡು ಕೂತಿದ್ದೀರಲ್ಲ, ಅದನ್ನು ಬದಲಿಸಬಹುದು ಎಂದೆ.

ಚಿತ್ರೀಕರಣ ನಿಲ್ಲಿಸಲು ಒಂದು ತಾರೀಖು ಗೊತ್ತುಮಾಡಿ ಎಂದು ಹೇಳಿದೆ. ಅವತ್ತು ಅವರು ಹೇಗಿದ್ದಾರೋ ಸಿನಿಮಾ ಅಲ್ಲಿಗೇ ಮುಗಿಯಲಿ. ಅದಕ್ಕೂ ಮೊದಲು ಒಮ್ಮೆ ಕ್ಯಾಮೆರಾ ಮನೆಯಲ್ಲೇ ಬಿಟ್ಟು ಹೋಗಿ, ಅವರ ಒಪ್ಪಿಗೆ ಹೊಸದಾಗಿ ಕೇಳಿ. ಏಳು ವರ್ಷದ ಹಿಂದೆ ಸಹಿ ಹಾಕಿದವರು ನಡೆದಾಡುತ್ತಿದ್ದ ಮನುಷ್ಯ. ಆಕ್ಸಿಜನ್ ಕೊಳವೆ ಹಾಕಿಕೊಂಡು ಮಲಗಿದ್ದನ್ನು ಜಗತ್ತು ನೋಡಲಿ ಎಂದು ಅವರು ಅವತ್ತು ಒಪ್ಪಿರಲಿಲ್ಲ, ಅಲ್ವಾ? ಇನ್ನು, ವಾರದಲ್ಲಿ ಇಂತಿಷ್ಟು ದಿನ ಬೇರೆಯವರ ಎಡಿಟಿಂಗ್ ಕೆಲಸ ಒಪ್ಪಿಕೊಳ್ಳಿ ಎಂದೆ. ಇದಕ್ಕೆ ಮಾತ್ರ ಆಕೆಗೆ ಸಿಟ್ಟು ಬಂತು. ಅದು ಸೋತವರು ಮಾಡುವ ಕೆಲಸವಂತೆ.

ನನ್ನ ಜೊತೆ ಕೆಲಸ ಮಾಡುವವರೊಬ್ಬರೂ ಆಕ್ಷೇಪಿಸಿದರು. ಆಪ್ತಸಲಹೆಗಾರರು ದಾರಿ ತೋರಿಸಬಾರದು, ಬಂದವರೇ ಕಂಡುಕೊಳ್ಳಬೇಕು ಎಂಬುದು ಅವರ ವಾದ. ಸಾಮಾನ್ಯವಾಗಿ ನಾನೂ ಒಪ್ಪುತ್ತೇನೆ. ಆದರೆ ಈಕೆಯ ಆತಂಕ ಯಾವುದನ್ನು ತಿಂದು ಬೆಳೆಯುತ್ತಿತ್ತು ನೋಡಿ. ಎಡಿಟಿಂಗಿಗೆ ಕೂತರೆ ಭಯ. ಇನ್ನೊಂದು ದಿನ ಶೂಟಿಂಗ್ ಹಾಕಿಕೊಂಡರೆ ಭಯ ಇಳಿಯುತ್ತದೆ. ಇಳಿಯುವುದರಿಂದಲೇ ಮತ್ತೆ ಶೂಟಿಂಗ್, ಹಾರ್ಡ್‌ಡಿಸ್ಕ್‌ನಲ್ಲಿ ಇನ್ನಷ್ಟು ದೃಶ್ಯ, ಕೂತಾಗ ಇನ್ನಷ್ಟು ಭಯ. ಈ ಸುತ್ತು ಕತ್ತರಿಸದೆ ಸುಮ್ನೆ ಕೇಳಿಸಿಕೊಳ್ಳುತ್ತಾ ಕೂತರೆ, ಏಳು ವರ್ಷ ಹತ್ತಾಗುತ್ತಿತ್ತು. ದುಡ್ಡಿನ ವಿಷಯ ನಮ್ಮದಲ್ಲ ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ತಿಂಗಳ ಬಾಡಿಗೆ ಒಂದು ನಿರಾಕರಣೆಯ ಪತ್ರದ ಮೇಲೆ ನಿಂತಿದ್ದರೆ, ಆ ಪತ್ರ ಸಿನಿಮಾವನ್ನಷ್ಟೇ ತಿರಸ್ಕರಿಸುವುದಿಲ್ಲ. ‘ಕನಸಿನ ಬೆನ್ನು ಹತ್ತಿ’ ಎಂದು ಹುರಿದುಂಬಿಸುವವರು ಈ ಬಾಡಿಗೆಯ ಮಾತೆತ್ತುವುದಿಲ್ಲ. ಸ್ವತಂತ್ರವಾಗಿ ಸಾಕ್ಷ್ಯಚಿತ್ರ ಮಾಡುವ ಬಹಳಷ್ಟು ಜನ ಬೇರೆಯವರಿಗೆ ಕ್ಯಾಮೆರಾ ಹಿಡಿದು, ಪಾಠ ಹೇಳಿ, ಎಡಿಟಿಂಗ್ ಮಾಡಿಯೇ ತಮ್ಮ ಸಿನಿಮಾ ಮಾಡುವುದು. ಅದೂ ಈ ವೃತ್ತಿಯ ಭಾಗವೇ.

ಒಪ್ಪಿಗೆ ಕೇಳಲು ಹೋದಾಗ ಆ ಹಿರಿಯರು ಆಸ್ಪತ್ರೆಯ ದೃಶ್ಯ ಬೇಡ ಎಂದರಂತೆ. ಉಳಿದದ್ದಕ್ಕೆ ಅಡ್ಡಿ ಇಲ್ಲ. ಆಕೆ ಗೊತ್ತುಮಾಡಿದ ತಾರೀಖನ್ನು ಒಮ್ಮೆ ಮುಂದಕ್ಕೆ ಹಾಕಿದರು, ಎರಡನೇ ಸಲ ಹಾಕಲಿಲ್ಲ. ಮೊದಲ ಒರಟು ಎಡಿಟ್ ಎರಡೂವರೆ ಗಂಟೆ ಬಂದಿದೆ, ತೀರಾ ಉದ್ದ. ನಿದ್ದೆ ಸುಧಾರಿಸಿದೆ, ಪೂರ್ತಿ ಅಲ್ಲ. ಈ ವಾರದ ಭೇಟಿಯನ್ನು ರದ್ದು ಮಾಡಿದ್ದಾರೆ. ಬೇರೆ ಯಾರದೋ ಸಿನಿಮಾದ ಎಡಿಟಿಂಗ್ ಶುಕ್ರವಾರದೊಳಗೆ ಒಪ್ಪಿಸಬೇಕಂತೆ.