ಡ್ಯೂಟಿ ದಿನ ಸಿರಪ್ ಬಿಟ್ರ ನಡೀತೈತೇನ್ರಿ?

ಪ್ರಶ್ನೆ: ಡಾಕ್ಟರ್ರೀ, ನಮ್ಮ ಮನಿಯವರಿಗೆ 47 ವರ್ಷ, ಬಸ್ ಕಂಡಕ್ಟರ್ ಅದಾರ. ಹದಿನೈದು-ಹದಿನಾರು ವರ್ಷ ದಿನಾ ಕುಡುದು ಲಿವರ್ ಸಿರೋಸಿಸ್ ಆಗೇತಿ, ಹೋದ ದೀಪಾವಳಿಗೆ ಹೊಟ್ಟ್ಯಾಗ ನೀರು ತುಂಬಿ ಹುಬ್ಬಳ್ಳಿಗೆ ಒಯ್ದು ತಗಿಸಿದ್ವಿ, ಅವತ್ತಿಂದ ಒಂದು ಹನಿ ಮುಟ್ಟಿಲ್ಲ. ಈಗ ಲ್ಯಾಕ್ಟುಲೋಸ್ ಸಿರಪ್ ಕುಡುದ್ರ ಹೊಟ್ಟಿ ಗುಡುಗುಡು ಅಂತೈತಿ, ಗದಗ-ಹುಬ್ಬಳ್ಳಿ ಗಾಡ್ಯಾಗ ನಡುವ ಎಲ್ಲಿ ಇಳೀಲಿ ಅಂತ ಡ್ಯೂಟಿ ದಿನ ಅದನ್ನ ಬಿಟ್ಟಬಿಡ್ತಾರ. ನೀರಿನ ಗುಳಿಗಿ ಶುರುವಾದಾಗಿಂದ ಎದಿ ಹೆಣ್ಮಕ್ಕಳಂಗ ಉಬ್ಬಿ ನೋಯ್ತೈತಿ, ಮನ್ಯಾಗೂ ಅಂಗಿ ತಗ್ಯಾಕ ನಾಚ್ತಾರ. ಹೋದ ವಾರ 500ರ ನೋಟ್ ಇಸ್ಕೊಂಡು 50ಕ್ಕ ಚಿಲ್ರೆ ಕೊಟ್ಟು ಜಗಳ ಆತು. ರಾತ್ರಿ ನಿದ್ದಿಲ್ಲ, ಹಗಲೆಲ್ಲ ತೂಕಡಸ್ತಾರ. ಮಂದಿ ಗುಳಿಗಿ ಹೀಟ್ ಆಗೇತಿ, ನಾಟಿ ಔಷಧ ಕೊಡ್ರಿ ಅಂತಾರ. ಏನ್ ಮಾಡ್ಲಿ?
— ಗದಗದ ಓದುಗರು

ಉತ್ತರ: ಅಕ್ಕಾರ, ನಿಮ್ಮ ಪತ್ರದಾಗ ಆ 500ರ ನೋಟಿನ ಸಾಲು ನಾ ಎರಡು ಸಲ ಓದಿದೆ. ಅದು ಹೀಟೂ ಅಲ್ಲ, ಬರೇ ಮರೆವೂ ಅಲ್ಲ. ಕರುಳಾಗ ಹುಟ್ಟೋ ಅಮೋನಿಯಾದಂಥ ವಿಷಾನ ಲಿವರ್ ಶುದ್ಧ ಮಾಡ್ಬೇಕು, ಅವರ ಲಿವರ್‌ಗೆ ಆ ತಾಕತ್ತಿಲ್ಲ, ಹಂಗಾಗಿ ಅದು ರಕ್ತದಾಗ ಸೇರಿ ಮಿದುಳಿಗೆ ಹೋಗ್ತೈತಿ, ರಾತ್ರಿ-ಹಗಲು ನಿದ್ದಿ ಅದಲು-ಬದಲಾಗೋದೂ ಇದರ ಮೊದಲ ಗುರ್ತು. ಆ ವಿಷ ಹೊರಗ ಹಾಕೋದೇ ಸಿರಪ್ಪಿನ ಕೆಲಸ, ಅದನ್ನೇ ಅವರು ಬಿಡಾಕತ್ತಾರ. ಎರಡೂ ಕೈ ಮುಂದ ಚಾಚಿಸಿ, ಪೊಲೀಸ್ರು ಗಾಡಿ ನಿಲ್ಸೋವಂಗ ಅಂಗೈ ಎತ್ತಿ ಹಿಡಿಸ್ರಿ, ಕೈ ಪಟಪಟ ಬಡಕೊಂಡ್ರ ಅವತ್ತೇ ದವಾಖಾನಿಗೆ ಹೋಗ್ರಿ. ಬಡೀಲಿಲ್ಲಂದ್ರೂ ಎರಡು ದಿನದೊಳಗ ತೋರಸ್ರಿ, ಅಲ್ಲೀತನ ಡ್ಯೂಟಿ ಬ್ಯಾಡ, ಮೆಡಿಕಲ್ ರಜಾ ಹಾಕಿಸ್ರಿ.

ಸಿರಪ್ಪಿನ ಲೆಕ್ಕ ಇಷ್ಟೇ, ದಿನಕ್ಕ ಎರಡು-ಮೂರು ಸಲ ಮಲ ಮೆತ್ತಗ ಆಗ್ಬೇಕು. ಅದಕ್ಕಿಂತ ಕಮ್ಮಿ ಆದ್ರ ಮಂಕು ಹೆಚ್ಚಾಗ್ತೈತಿ, ನೀರು-ನೀರಾಗಿ ಹತ್ತು ಸಲ ಹೋದ್ರೂ ಮೈ ಒಣಗಿ ಅದೇ ಮಂಕು. ಡೋಸ್ ಹೆಂಗ ಹಂಚೋದು, ಯಾವ ಹೊತ್ತಿಗೆ ಕೊಡೋದು ಅಂತ ಡಾಕ್ಟರ್ ಕೂಡ ಮಾತಾಡ್ರಿ, ಬೇಕಿದ್ರ ಕರುಳಾಗಿನ ವಿಷ ಹುಟ್ಟಸೋ ಬ್ಯಾಕ್ಟೀರಿಯಾ ತಗ್ಗಸೋ ರಿಫಾಕ್ಸಿಮಿನ್ ಗುಳಿಗಿನೂ ಜೋಡಸ್ತಾರ. ನಿದ್ದಿ ಇಲ್ಲಂತ ನಿದ್ದಿ ಗುಳಿಗಿ ಮಾತ್ರ ಕೊಡಬ್ಯಾಡ್ರಿ.

ಎದಿ ಉಬ್ಬೋದು ಸ್ಪೈರೊನೊಲ್ಯಾಕ್ಟೋನ್ ಅನ್ನೋ ನೀರಿನ ಗುಳಿಗಿದು ಇರಬೇಕು, ಚೀಟಿ ನೋಡ್ರಿ, ಲಿವರ್ ಕೆಟ್ಟಾಗ ಹಾರ್ಮೋನ್ ಏರುಪೇರಾಗಿನೂ ಹಂಗಾಗ್ತೈತಿ. ನಾಚಿಕಿ ಆಗೋದು ಖರೆ, ಗಂಡಸ್ರು ಇದನ್ನ ಬಾಯಿ ಬಿಟ್ಟು ಹೇಳೋದೂ ಇಲ್ಲ, ಹಂಗಾಗಿ ನೀವೇ ಹೇಳ್ರಿ. ಬದಲೀ ಗುಳಿಗಿ ಅದಾವು. ತಾವೇ ಬಿಟ್ರ ಮಾತ್ರ ಹೊಟ್ಟ್ಯಾಗ ಮತ್ತ ನೀರು ತುಂಬತೈತಿ. ಇನ್ನೊಂದು, ಅಂಗಡ್ಯಾಗ ಲೋ ಸಾಲ್ಟ್ ಅಂತ ಮಾರೋ ಉಪ್ಪಿನಾಗ ಪೊಟ್ಯಾಸಿಯಂ ಇರ್ತೈತಿ, ಈ ಗುಳಿಗಿನೂ ಪೊಟ್ಯಾಸಿಯಂ ಏರಸ್ತೈತಿ, ಎರಡೂ ಕೂಡಿದ್ರ ಹಾರ್ಟಿಗೆ ಕುತ್ತು. ಸಾದಾ ಉಪ್ಪೇ ಹಾಕ್ರಿ, ದಿನದ್ದೆಲ್ಲ ಕೂಡಿ ಒಂದು ಟೀ ಚಮಚ ದಾಟಬಾರದು. ಉಪ್ಪಿನಕಾಯಿ, ಹಪ್ಪಳ, ಸಂಜಿ ಮಿರ್ಚಿ ಹೋದ್ರ ಅರ್ಧ ಕೆಲಸ ಆದಂಗ.

ಬ್ಯಾಳಿ, ಹೆಸರುಕಾಳು, ಮೊಟ್ಟಿ ಬಿಡಬ್ಯಾಡ್ರಿ, ಮೈ ಸೊರಗಿದ್ರ ಲಿವರ್‌ಗೇ ತ್ರಾಸು, ಮಲಗೂಮುಂದ ಹಾಲು-ರೊಟ್ಟಿ ಏನಾರ ಹೊಟ್ಟಿಗಿರ್ಲಿ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕಿಡ್ನಿಗೆ ಕುತ್ತು. ನಾಟಿ ಔಷಧಾನೂ ಬ್ಯಾಡ, ಅಮೃತಬಳ್ಳಿ ಕುಡುದು ಲಿವರ್ ಕೆಟ್ಟ ಕೇಸ್ ಮುಂಬೈ ಡಾಕ್ಟರ್ರು 2021ರಾಗ ಬರದು ಇಟ್ಟಾರ.

ಡಾಂಬರಿನಂಗ ಕಪ್ಪು ಮಲ, ರಕ್ತದ ವಾಂತಿ, ಜ್ವರದ ಕೂಡ ಹೊಟ್ಟಿ ನೋವು, ಎಬ್ಬಿಸಿದ್ರ ಏಳದಂಥ ನಿದ್ದಿ, ಇದ್ರಾಗ ಒಂದಾದ್ರೂ ಕಂಡ್ರ ಬೆಳಗ ಆಗ್ಲಿ ಅಂತ ಕಾಯಬ್ಯಾಡ್ರಿ. ಕುಡಿಯೋ ಹಂಬಲ ಮತ್ತ ಎದ್ರ ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ದವಾಖಾನಿ ಐತಿ, ಚಟ ಬಿಡಿಸೋ ಸಹಾಯವಾಣಿ 14446ಕ್ಕ ಫೋನ್ ಹಚ್ಚಿದ್ರೂ ಆತು, ರೊಕ್ಕ ಬೀಳೂದಿಲ್ಲ.

ಕಡೀಕ, ಅವರು ಕಂಡಕ್ಟರ್, ಲೆಕ್ಕ ಬರ್ಯೋದು ರೂಢಿ ಐತಿ. ದಿನಾ ಮುಂಜಾನಿ ತೂಕ ಎಷ್ಟು, ಎಷ್ಟು ಸಲ ಹೊರಕಡೀಗೆ ಹೋದ್ರು, ಎಷ್ಟು ಸಿರಪ್ ಕುಡುದ್ರು ಅಂತ ಒಂದು ಡೈರ್ಯಾಗ ಅವರ ಕೈಲೇ ಬರಸ್ರಿ. ಮುಂದಿನ ಸಲ ದವಾಖಾನಿಗೆ ಹೋಗೂಮುಂದ ರಿಪೋರ್ಟಿನ ಚೀಲದಾಗ ಆ ಡೈರಿನೂ ಇರ್ಲಿ. ಅಕ್ಷರ ಸೊಟ್ಟ ಆಗಾಕತ್ತಿದ್ರ, ಲೆಕ್ಕ ತಪ್ಪಿದ್ರ, ಅದೂ ಡಾಕ್ಟರ್ರಿಗೆ ಗೊತ್ತಾಗ್ತೈತಿ.