ಮಕ್ಕಳ ಯೋಚನೆ ಚುರುಕಾಗಲು ಹೊಸ ಪದದಾಟಗಳು ಯಾವುವು?

ವಾರಕ್ಕೊಮ್ಮೆ 15 ಮಕ್ಕಳನ್ನು ಕೂಡಿಸುತ್ತೇನೆ, ಎರಡೇ ಸಲಕ್ಕೆ ಆಟ ಬೇಜಾರಾಗುತ್ತದೆ, ಹೊಸ ಆಟಗಳ ಪಟ್ಟಿ ಕೊಡಿ ಅಂತ ಕೇಳಿದ್ದೀರಿ. ನಾನೂ ಹೀಗೇ ಪಟ್ಟಿ ಹುಡುಕಿದವಳು. ಬೆಟಗೇರಿಯ ನಮ್ಮ ಪಡಸಾಲೆಯಲ್ಲಿ ಶನಿವಾರ ಓಣಿಯ ಮಕ್ಕಳು ಸೇರುತ್ತಿದ್ದರು. ಪದಬಂಧ, ಒಗಟು, ಅಂತ್ಯಾಕ್ಷರಿ ಎಲ್ಲ ಆಡಿಸಿದೆ. ಶುರುವಿಗೆ 14 ಮಕ್ಕಳು ಬರುತ್ತಿದ್ದರು. ಮೂರು ತಿಂಗಳಿಗೆ ಐದೇ ಜನ ಉಳಿದರು. ಆಟವೇ ಸರಿ ಇಲ್ಲ ಅಂದುಕೊಂಡೆ. ತಪ್ಪು ನನ್ನದಾಗಿತ್ತು.

ಒಂದು ಶನಿವಾರ ಮಗ್ಗದಲ್ಲಿ ಅಡ್ಡ ನೂಲು ಹಾಯಿಸುವ ಹಳೆ ಲಾಳಿ ನಡುವೆ ಇಟ್ಟು, ‘ನೇಯೋದು ಬಿಟ್ಟು ಇದರಿಂದ ಮತ್ತೇನು ಮಾಡಬಹುದು?’ ಅಂತ ಕೇಳಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಗಿಲ್‌ಫೋರ್ಡ್ ಅವರ ಹೊಸ ಯೋಚನೆ ಅಳೆಯುವ ಪರೀಕ್ಷೆಯಲ್ಲಿ ಈ ಪ್ರಶ್ನೆ ಇಟ್ಟಿಗೆಯ ಬಗ್ಗೆ ಇರುತ್ತದೆ. ನೇಕಾರರ ಮಕ್ಕಳಿಗೆ ಲಾಳಿ ಹತ್ತಿರದ್ದು ಅಲ್ವಾ?

‘ಗೊಂಬಿಗೆ ದೋಣಿ ಆಗ್ತೈತ್ರೀ ಅಕ್ಕಾರ’ ಅಂದಳು ಒಬ್ಬ ಹುಡುಗಿ. ನನಗೆ ಖುಷಿ ಉಕ್ಕಿ ‘ಭೇಷ್!’ ಅಂದೆ, ಚಪ್ಪಾಳೆ ಹೊಡೆಸಿದೆ. ಅಲ್ಲಿಗೆ ಮುಗೀತು. ಆಮೇಲೆ ಬಂದದ್ದೆಲ್ಲ ಬಸ್ಸು, ರೈಲು, ವಿಮಾನ. ಮೂಲೆಯಲ್ಲಿ ಒಬ್ಬ ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ಎಲ್ಲರೂ ಹೋದ ಮೇಲೆ ಅವನು ಲಾಳಿ ಎತ್ತಿಕೊಂಡು, ನೂಲು ಸುತ್ತಿದ ಕಂಡಿಕೆ ಕೂರುವ ಜಾಗದಲ್ಲಿ ಬೆರಳಾಡಿಸಿ, ‘ಇದರಾಗ ನಮ್ಮಜ್ಜನ ಚಾಳೀಸು ಇಡಬಹುದಿತ್ರೀ’ ಅಂದ. ಆಗಲೇ ಯಾಕೆ ಹೇಳಲಿಲ್ಲ ಅಂದರೆ, ‘ಚಪ್ಪಾಳಿ ಬರ್ತಿದ್ದಿಲ್ಲ’ ಅಂತ ಉತ್ತರ.

ಬೈದರೆ ಮಾತ್ರ ಮಕ್ಕಳು ಬಾಯಿ ಮುಚ್ಚುತ್ತಾರೆ ಅಂತ ತಿಳಿದಿದ್ದೆ. ಹೊಗಳಿದರೂ ಮುಚ್ಚುತ್ತಾರೆ. ಒಂದಕ್ಕೆ ಭೇಷ್ ಅಂದ ಕೂಡಲೇ ಉಳಿದವರಿಗೆ ಅಕ್ಕಾರಿಗೆ ಏನು ಬೇಕು ಅನ್ನೋದು ಗೊತ್ತಾಗುತ್ತದೆ. ಎಲ್ಲರೂ ಅದನ್ನೇ ಹುಡುಕುತ್ತಾರೆ. ದೋಣಿ ಅಂದ ಹುಡುಗಿಯೂ ಅವತ್ತು ಎರಡನೇ ಉತ್ತರ ಕೊಡಲಿಲ್ಲ. ಮೊದಲಿನಷ್ಟು ಚಂದ ಇರದಿದ್ದರೆ ಅನ್ನೋ ಅಳುಕು. ಗುಂಪಲ್ಲಿ ಕೂತು ತೋಚಿದ್ದೆಲ್ಲ ಹೇಳುವ ಬ್ರೈನ್‌ಸ್ಟಾರ್ಮಿಂಗ್ ಪದ್ಧತಿ ಹಾಕಿಕೊಟ್ಟ ಅಲೆಕ್ಸ್ ಆಸ್ಬಾರ್ನ್, ಯೋಚನೆ ಬರುವ ಹೊತ್ತಲ್ಲಿ ತೂಕ ಹಾಕಬೇಡಿ ಅಂದಿದ್ದರು. ನಾನು ಅದನ್ನು ‘ಟೀಕೆ ಬೇಡ’ ಅಂತಷ್ಟೇ ಓದಿಕೊಂಡಿದ್ದೆ. ಚಪ್ಪಾಳೆಯೂ ತೂಕವೇ.

ಹಾಗಾಗಿ ಪಟ್ಟಿ ಕೊಡಲ್ಲ. ನಿಮಗೆ ಹೊಸ ಆಟ ಬೇಕಿಲ್ಲ. ಗುಂಪಲ್ಲಿ ಕೂಗಿ ಹೇಳಿಸೋದನ್ನು ಮೊದಲು ನಿಲ್ಲಿಸಿ. 1958ರಲ್ಲೇ ಯೇಲ್ ವಿಶ್ವವಿದ್ಯಾಲಯದ ಪ್ರಯೋಗದಲ್ಲಿ, ಒಟ್ಟಿಗೆ ಕೂತ ನಾಲ್ವರಿಗಿಂತ ಬೇರೆ ಬೇರೆ ಕೂತ ನಾಲ್ವರ ಯೋಚನೆಗಳನ್ನು ಕೂಡಿಸಿದಾಗ ಜಾಸ್ತಿ ಬಂದಿದ್ದವು.

ಪ್ರತಿ ಮಗುವಿಗೆ ಒಂದು ಹಾಳೆ ಕೊಡಿ. ಪ್ರತಿ ಸುತ್ತಿನ 5 ನಿಮಿಷ ಯಾರೂ ಮಾತಾಡಬಾರದು. ಮೂರು ಯೋಚನೆ ಬರೆದು ಬಲಕ್ಕೆ ದಾಟಿಸಲಿ, ಬಂದ ಹಾಳೆ ಓದಿ ಅದರ ಕೆಳಗೆ ಮತ್ತೆ ಮೂರು. ಜರ್ಮನಿಯ ಬರ್ನ್ಡ್ ರೋರ್‌ಬಾಕ್ ತಂದ ಕ್ರಮ ಇದು. ಆರು ಜನ ಆರು ಸುತ್ತು ಬರೆದರೆ ಅರ್ಧ ಗಂಟೆಗೆ 108 ಯೋಚನೆ. ಚಿಕ್ಕವರಿಗೆ ಒಂದು ಸುತ್ತಿನಲ್ಲಿ ಒಂದೇ ಯೋಚನೆ ಸಾಕು. ಹೆಸರು ಬರೆಸಲೇಬೇಡಿ.

ಪದದಾಟವೇ ಬೇಕು ಅಂದರೆ ನಮ್ಮ ಒಡಪು ಇದೆಯಲ್ಲ, ಮದುವೆಮನೆಯಲ್ಲಿ ಗಂಡನ ಹೆಸರನ್ನು ಪ್ರಾಸದಲ್ಲಿ ಕೂಡಿಸಿ ಹೇಳೋದು. ಗಂಡನ ಹೆಸರಿನ ಬದಲು ಗೆಳೆಯರ ಹೆಸರಿಟ್ಟು ಇದೇ ಥರ ಬರೆಸಿ. ಒಬ್ಬರು ಮೊದಲ ಸಾಲು, ಪಕ್ಕದವರು ಎರಡನೇ ಸಾಲು. ನೀವೂ ಒಂದು ಹಾಳೆ ಹಿಡಿದು ಅವರ ಜೊತೆ ನೆಲದ ಮೇಲೆ ಕೂತು ಬರೀರಿ. ಕೈಗೆ ಕೆಲಸ ಇದ್ದರೆ ‘ಭೇಷ್’ ಬಾಯಿಗೆ ಬರೋದು ಕಡಿಮೆಯಾಗುತ್ತದೆ.