ಫಂಕ್ಷನ್‌ಗೆ ದರ ಕಾಣದಿದ್ದರೆ: ಓದುಗರ ಪಿಎಚ್‌ಪಿ ಪ್ರಶ್ನೆಗಳು

ಪ್ರಶ್ನೆ: ಕಾಫಿ ಖರೀದಿ ಮಾಡುವವರಿಗಾಗಿ ಪಿಎಚ್‌ಪಿಯಲ್ಲಿ (ವೆಬ್ ಪುಟ ತಯಾರಿಸುವ ಪ್ರೋಗ್ರಾಮಿಂಗ್ ಭಾಷೆ) ಬಿಲ್ ಪುಟ ಬರೆಯುತ್ತಿದ್ದೇನೆ. 50 ಕೆ.ಜಿ. ಮೂಟೆಯ ದರವನ್ನು ಫೈಲಿನ ಮೇಲ್ಭಾಗದಲ್ಲೇ $ದರ ಎಂದು ಕೊಟ್ಟಿದ್ದೇನೆ. ಆದರೂ ಮೊತ್ತ ಲೆಕ್ಕ ಹಾಕುವ ಫಂಕ್ಷನ್ ಸೊನ್ನೆ ತೋರಿಸುತ್ತಿದೆ. ತಪ್ಪೆಲ್ಲಿ?
– ಓದುಗರು, ಮೂಡಿಗೆರೆ

ಉತ್ತರ: ಹೊರಗಿಟ್ಟ ವೇರಿಯಬಲ್ (ಮೌಲ್ಯ ಇಟ್ಟುಕೊಳ್ಳುವ ಹೆಸರು) ಪಿಎಚ್‌ಪಿ ಫಂಕ್ಷನ್ ಒಳಗೆ ತಾನಾಗಿ ಬರುವುದಿಲ್ಲ. ಜಾವಾಸ್ಕ್ರಿಪ್ಟ್‌ನಲ್ಲಿ ಬರುತ್ತದೆ, ಹಾಗಾಗಿ ಅದನ್ನು ಕಲಿತು ಬಂದವರು ಇಲ್ಲೇ ಎಡವುತ್ತಾರೆ. ನಿಮ್ಮ ಫಂಕ್ಷನ್ ಒಳಗಿನ $ದರ ಬೇರೆಯದೇ ವೇರಿಯಬಲ್. ಅದರಲ್ಲಿ ಏನೂ ಇಲ್ಲ, ಗುಣಿಸಿದಾಗ ಸೊನ್ನೆ ಬರುತ್ತದೆ. ಪಿಎಚ್‌ಪಿ 8ರಿಂದ ಇದಕ್ಕೆ ವಾರ್ನಿಂಗ್ ಬರುತ್ತದೆ, 7ರಲ್ಲಿ ಬರೀ ನೋಟಿಸ್. ಸರ್ವರ್‌ನಲ್ಲಿ ಎರರ್ ತೋರಿಸುವುದನ್ನು ಆಫ್ ಮಾಡಿದ್ದರೆ ಪರದೆಯ ಮೇಲೆ ಅದೂ ಕಾಣದು, ಎರರ್ ಲಾಗ್ ತೆರೆದು ನೋಡಿ.

‘ಗ್ಲೋಬಲ್’ ಎಂದು ಬರೆದು ದರವನ್ನು ಒಳಗೆ ಎಳೆದುಕೊಳ್ಳಬಹುದು. ಬೇಡ ಎನ್ನುತ್ತೇವೆ. ಒಂದೇ ಬಿಲ್ಲಿನಲ್ಲಿ ಅರೇಬಿಕಾ, ರೋಬಸ್ಟಾ ಎರಡೂ ಬಂದ ದಿನ ಪ್ರತಿ ಸಾಲಿಗೂ ಹೊರಗಿನ ದರ ಬದಲಿಸುತ್ತಾ ಹೋಗಬೇಕಾಗುತ್ತದೆ. ಬೇಕಾದದ್ದನ್ನೆಲ್ಲ ಆವರಣದಲ್ಲಿ ಕೊಡಿ: ಮೊತ್ತ($ತೂಕ, $ದರ, $ಕಡಿತ = 0). ಒಳಗಿನ ಲೆಕ್ಕ ($ತೂಕ - $ಕಡಿತ) / 50 * $ದರ. ತೂಕ 1360 ಕೆ.ಜಿ., ಗೋಣಿ ಚೀಲದ ಕಡಿತ 20, ದರ 10,000 ಎಂದಿಟ್ಟುಕೊಂಡರೆ 2,68,000 ಬರಬೇಕು. ಕಡಿತ ಕೊಡದಿದ್ದರೆ ಸೊನ್ನೆ ಎಂದೇ ಹಿಡಿಯುತ್ತದೆ. ಹೀಗೆ ಮೊದಲೇ ಮೌಲ್ಯ ಕೊಟ್ಟ ಪ್ಯಾರಾಮೀಟರ್ (ಆವರಣದೊಳಗಿನ ಹೆಸರು) ಯಾವಾಗಲೂ ಕೊನೆಯಲ್ಲಿರಲಿ.

ಕರೆಯುವಾಗ ದರ, ಕಡಿತ ಅದಲುಬದಲಾದರೆ ಎರರ್ ಬರುವುದಿಲ್ಲ, ಮೊತ್ತ ಮೈನಸ್ 3,456 ಆಗುತ್ತದೆ. ಪಿಎಚ್‌ಪಿ 8 ಇದ್ದರೆ ಹೆಸರು ಹೇಳಿಯೇ ಕರೆಯಿರಿ: ಮೊತ್ತ(ತೂಕ: 1360, ದರ: 10000, ಕಡಿತ: 20). ಆಗ ಕ್ರಮ ಹೇಗಿದ್ದರೂ ಚಿಂತೆಯಿಲ್ಲ. (ಹೆಸರುಗಳು ಕನ್ನಡದಲ್ಲಿದ್ದರೂ ಪಿಎಚ್‌ಪಿ ಒಪ್ಪುತ್ತದೆ. ಫೈಲನ್ನು ಯುಟಿಎಫ್-8ರಲ್ಲಿ ಉಳಿಸಿ.)

ಪ್ರಶ್ನೆ: ಫಂಕ್ಷನ್ ಪ್ರತಿ ಸಾಲಿನ ಮೊತ್ತವನ್ನು ಸರಿಯಾಗಿ ತೋರಿಸುತ್ತದೆ. ಅವನ್ನೆಲ್ಲ ಕೂಡಿಸಿದರೆ ಮಾತ್ರ ಸೊನ್ನೆ.
– ಓದುಗರು, ಸಕಲೇಶಪುರ

ಉತ್ತರ: ಒಳಗೆ ‘ಎಕೋ’ ಬಳಸಿದ್ದೀರಿ. ಎಕೋ ಪುಟದ ಮೇಲೆ ಬರೆಯುತ್ತದೆ ಅಷ್ಟೇ, ಕರೆದವರ ಕೈಗೆ ಏನನ್ನೂ ಕೊಡುವುದಿಲ್ಲ. ‘ರಿಟರ್ನ್’ ಹಾಕಿ, ಎಕೋವನ್ನು ಹೊರಗೆ ಬರೆಯಿರಿ.

ಇದರ ಬೆನ್ನಿಗೇ ಬರುವ ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇವೆ. ಅಲ್ಪವಿರಾಮ ಹಾಕಿ ಚಂದ ಕಾಣಲೆಂದು ಫಂಕ್ಷನ್ ಒಳಗೇ ‘ನಂಬರ್ ಫಾರ್ಮ್ಯಾಟ್’ (number_format) ಬಳಸಬೇಡಿ. ಅದು ಸಂಖ್ಯೆಯನ್ನು ಪಠ್ಯವಾಗಿಸುತ್ತದೆ. ‘268,000’ ಎಂಬ ಪಠ್ಯವನ್ನು ಕೂಡಿಸಲು ಹೋದರೆ ಪಿಎಚ್‌ಪಿ ಅಲ್ಪವಿರಾಮದವರೆಗೆ ಓದಿ 268 ಎಂದಷ್ಟೇ ತೆಗೆದುಕೊಳ್ಳುತ್ತದೆ. ಬೆಳೆಗಾರರಿಗೆ ಕೊಡುವ ಬಿಲ್ಲಿನಲ್ಲಿ ಲಕ್ಷ ಹೋಗಿ ನೂರಾಗಬಾರದು. ಫಂಕ್ಷನ್ ಬರೀ ಸಂಖ್ಯೆ ಕೊಡಲಿ, ಅಲಂಕಾರ ಮುದ್ರಿಸುವಾಗ ಇರಲಿ. ಆಗಲೂ ನಂಬರ್ ಫಾರ್ಮ್ಯಾಟ್ 268,000 ಎಂದೇ ಹಾಕುತ್ತದೆ. 2,68,000 ಎಂದು ನಮ್ಮ ರೀತಿಯಲ್ಲಿ ಬರಬೇಕಾದರೆ ಬೇರೆ ಫಂಕ್ಷನ್ ಬರೆದುಕೊಳ್ಳಬಹುದು.

ಪ್ರಶ್ನೆ: ‘ಕ್ಯಾನಾಟ್ ರೀಡಿಕ್ಲೇರ್’ ಎಂದು ಬಂದು ಪುಟವೇ ನಿಂತುಹೋಗುತ್ತದೆ.
– ಓದುಗರು, ಹಾಸನ

ಉತ್ತರ: ಒಂದೇ ಹೆಸರಿನ ಫಂಕ್ಷನ್ ಎರಡು ಸಲ ಬಂದಿದೆ. ಒಂದೇ ಫೈಲು ಎರಡು ಕಡೆಯಿಂದ ಸೇರಿಕೊಂಡಿದ್ದರೆ ‘ರಿಕ್ವೈರ್’ ಇರುವಲ್ಲೆಲ್ಲ ‘ರಿಕ್ವೈರ್ ಒನ್ಸ್’ (require_once) ಮಾಡಿ. ಎರಡು ಬೇರೆ ಫೈಲುಗಳಲ್ಲಿ ಅದೇ ಹೆಸರಿದ್ದರೆ ಇದರಿಂದ ಪ್ರಯೋಜನವಿಲ್ಲ, ಒಂದರ ಹೆಸರು ಬದಲಿಸಿ. ಇಂಗ್ಲಿಷ್ ಹೆಸರಾದರೆ ದೊಡ್ಡಕ್ಷರ, ಸಣ್ಣಕ್ಷರ ಬದಲಿಸಿದರೆ ಸಾಲದು: ಫಂಕ್ಷನ್ ಹೆಸರಿನಲ್ಲಿ ಪಿಎಚ್‌ಪಿ ಎರಡನ್ನೂ ಒಂದೇ ಎಂದು ನೋಡುತ್ತದೆ.